ಹಿತ್ತಾಳೆ ದಿಬ್ಬಕ್ಕೆ ಆ ಹೆಸರೇಕೆ

ಕರಿಹಾಳದ ಮೂಡಣಕ್ಕೆ, ಹಳ್ಳ ದಾಟಿದೊಡನೆ, ಆಳೆತ್ತರದ ಒಂದು ದಿಬ್ಬವಿದೆ. ಅಗೆದಷ್ಟೂ ಮಣ್ಣಿನ ಗಡಿಗೆಯ ಚೂರುಗಳೇ ಸಿಗುತ್ತವೆ. ಆದರೂ ಅದನ್ನು ಹಿತ್ತಾಳೆ ದಿಬ್ಬ ಎನ್ನುತ್ತಾರೆ. ಹೆಸರು ಕೇಳಿ ಬಂದವರು ಏನಾದರೂ ಸಿಕ್ಕೀತೆಂದು ಕೋಲಿನಿಂದ ಕೆದಕುವುದುಂಟು. ಅಂಥವರಿಗೆ ನಾನು ಏನೂ ಹೇಳುವುದಿಲ್ಲ; ಕೆದಕಲಿ.

ಹಿಂದೆ ಒಮ್ಮೆ ಈ ಊರಿನ ರಾಚಪ್ಪ ದೇಸಾಯಿಗೆ ಪುಣ್ಯದ ಹುಚ್ಚು ಹಿಡಿಯಿತಂತೆ. ಮಣ್ಣಿನ ಕೊಡದ ನೀರಿನಿಂದ ವಾಂತಿಬೇನೆ ಬರುತ್ತದೆಂದು ಯಾರೋ ಅವನ ಕಿವಿ ಊದಿದ್ದರು. ತಾಯಿಯ ಪುಣ್ಯತಿಥಿಯಂದು ಮನೆಗೊಂದು ಹಿತ್ತಾಳೆ ಕೊಡ ಹಂಚಿದ. ಕುಂಬಾರರ ಆರು ಮನೆಗಳಿಗೂ ಒಂದೊಂದು ಕೊಟ್ಟು ಮೀಸೆ ತಿರುವಿದ ಎಂದರೆ ಆ ಮಹಾನುಭಾವನ ಬುದ್ಧಿ ಎಷ್ಟೆಂದು ತಿಳಿಯಬಹುದು. ಆ ವರ್ಷ ಬೇನೆ ಬರಲಿಲ್ಲ, ನಿಜ. ಅದರ ಹಿಂದಿನ ಎರಡು ವರ್ಷವೂ ಬಂದಿರಲಿಲ್ಲ. ಅದನ್ನು ಅವನೆದುರು ಹೇಳುವ ಗಂಡಸು ಊರಲ್ಲಿರಲಿಲ್ಲ. ಎಲ್ಲರ ಮನೆಯಲ್ಲೂ ಪುಕ್ಕಟೆ ಕೊಡ ಹೊಳೆಯುತ್ತಿತ್ತಲ್ಲ! ಇತ್ತ ಗಡಿಗೆ ಕೊಳ್ಳುವವರಿಲ್ಲದೆ, ಕುಂಬಾರರು ಗಡಿಗೆ ಸುಡುವ ಆವಿಗೆ ತಣ್ಣಗಾಯಿತು. ನಿಂಬೆವ್ವ ಎಂಬ ಕುಂಬಾರ ವಿಧವೆ ಮಾರದೆ ಉಳಿದ ಗಡಿಗೆಗಳನ್ನೆಲ್ಲ ಹಳ್ಳದಾಚೆ ಹೊರಿಸಿ, ಒಂದೊಂದಾಗಿ ಒಡೆದಳು. “ನೋಡ್ರಿ, ದೇಸಾಯರ ಹಿತ್ತಾಳಿ ಮಾಡಿದ ದಿಬ್ಬ ಇದು!” ಎಂದು ಕೂಗಿ, ಆರೂ ಮನೆಯ ಕುಂಬಾರರನ್ನು ಕಟ್ಟಿಕೊಂಡು ಪಕ್ಕದೂರು ಬಿಳೆಗುಡಿಗೆ ಹೊರಟುಹೋದಳು.

ಎರಡು ವರ್ಷಕ್ಕೆ ದೇಸಾಯಿಯ ಮಗಳ ಮದುವೆ ಗೊತ್ತಾಯಿತು. ಮದುವೆಯಲ್ಲಿ ಪೂಜೆಗಿಡುವ ಮಣ್ಣಿನ ಐರಾಣಿ ಗಡಿಗೆಯನ್ನು ಕುಂಬಾರರ ಮನೆಯಿಂದ ತರದೆ ನಮ್ಮಲ್ಲಿ ಅಕ್ಕಿಕಾಳು ಬೀಳುವುದಿಲ್ಲ. ಹಿತ್ತಾಳೆ ಕೊಡವನ್ನೇ ಇಡೋಣವೆಂದು ದೇಸಾಯಿ ಬಾಯಿಬಿಟ್ಟಾಗ ಬೀಗರು ಎದ್ದುನಿಂತರು, ಮದುವೆಯೇ ಮುರಿಯುವಂತಾಯಿತು. ಬೇರೆ ದಾರಿ ಕಾಣದೆ ಅವನು ಬಿಳೆಗುಡಿಗೆ ಹೋಗಿ ನಿಂಬೆವ್ವನ ಬಾಗಿಲಲ್ಲಿ ನಿಂತ. ಅಷ್ಟಾದರೂ ಅವನಿಗೆ ಹೊಗಳಿಕೆಯೇ ಬೇಕಿತ್ತು.

“ನಿಂಬೆವ್ವಾ, ನನ್ನಿಂದ ಊರಿಗೆ ಒಳ್ಳೇದಾಗಲಿಲ್ಲೇನು?”

“ಬ್ಯಾನಿ ಬರಲಿಲ್ಲರಿ. ನಿಮ್ಮ ಕೊಡ ಕಂಡು ಹೆದರಿತೋ, ಮೊದಲ ಬರೂದ ಇರಲಿಲ್ಲೋ, ಆ ದೇವರಿಗೇ ಗೊತ್ತು. ನಮ್ಮ ಆವಿಗಿ ಆರಿದ್ದು ಮಾತ್ರ ನನಗ ಗೊತ್ತೈತಿ.”

ದೇಸಾಯಿ ಸೊಂಟದ ಚೀಲಕ್ಕೆ ಕೈಹಾಕಿದ.

“ರೊಕ್ಕ ಒಳಗಿಡ್ರಿ,” ಎಂದಳು ಅವಳು. “ದಾನ ಕೊಡ್ತೀನಿ. ಕೈ ಒಡ್ಡ್ರಿ.”

ಮಗಳ ಮದುವೆಗಾಗಿ ಒಡ್ಡಿದ.

ಈಗಲೂ ಲಗ್ನದ ದಿನಗಳಲ್ಲಿ ಬಂದವರು ಇದನ್ನು ನೋಡಬಹುದು. ದೇಸಾಯಿ ಮನೆತನದವರು ದಿಬ್ಬದ ಪಕ್ಕದ ದಾರಿಯಲ್ಲಿ ವಾದ್ಯದೊಡನೆ ಬಿಳೆಗುಡಿಗೆ ನಡೆಯುತ್ತಾರೆ. ಅಲ್ಲಿನ ಕುಂಬಾರರು ಅವರ ದುಡ್ಡು ಮುಟ್ಟುವುದಿಲ್ಲ. ಮನೆಯ ಹಿರಿಯ ತಲೆಯ ರುಮಾಲು ತೆಗೆದು, ಎಲ್ಲರೆದುರು ಎರಡೂ ಕೈ ಒಡ್ಡಿ ನಿಲ್ಲಬೇಕು. ಕೊಡುವವರು ಬೇಕೆಂದೇ ತಡಮಾಡುತ್ತಾರೆ.