ಒಡೆಯನ ಗುರುತು ಮರೆತ ಕಾರು

"ನಾನು ಸುಳ್ಳು ಹೇಳುತ್ತಿಲ್ಲ ಬುದ್ಧಿ. ನಾನು ಅವಳ ಮಗನೇ. ಆದರೂ ಅವಳು ನನ್ನನ್ನು ಯಾಕೆ ನಂಬುವುದಿಲ್ಲ?"

ಗೌರೀಶ ಈ ಪ್ರಶ್ನೆ ಕೇಳಿದ್ದು ಮಠದ ಅಡುಗೆಮನೆಯ ಜಗಲಿಯಲ್ಲಿ, ಗುರುಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಆ ವರ್ಷ ಅವನ ತಾಯಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ನೆನಪು ಹೋಯಿತು. ಈಗ ಅವಳು ಅದೇ ಊರಿನಲ್ಲಿ, ಗೌರೀಶನ ಅಕ್ಕನ ಮನೆಯಲ್ಲಿದ್ದಳು. ಅವನು ದಿನಾ ಸಂಜೆ ಹೋಗಿ ಅವಳ ಎದುರಿಗೆ ಕೂತು, ನಾನು ಯಾರು ಹೇಳು ಎಂದು ಕೇಳುತ್ತಿದ್ದ. ಗೊತ್ತಿಲ್ಲ ಎಂದರೆ ಹಳೆಯ ಫೋಟೋ ತೋರಿಸುತ್ತಿದ್ದ, ಚಿಕ್ಕಂದಿನಲ್ಲಿ ಬಿದ್ದು ಹುಬ್ಬಿನ ಮೇಲಾದ ಗಾಯದ ಕಲೆ ತೋರಿಸುತ್ತಿದ್ದ, ಮತ್ತೆ ಅದನ್ನೇ ಕೇಳುತ್ತಿದ್ದ. ಈಚೆಗಂತೂ ಅವನು ಬಾಗಿಲಿಗೆ ಬಂದರೆ ಸಾಕು, ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಅವನಿಗೆ ಅದು ತಡೆಯಲಾರದ ಸಂಕಟ. ಆದರೆ ಸಂಕಟದ ಜೊತೆಗೆ ಒಂದು ಕುತೂಹಲವೂ ಅವನನ್ನು ಕಾಡುತ್ತಿತ್ತು. ನಿಜ ಕಣ್ಣೆದುರಿಗೇ ಕೂತಿರುವಾಗ, ಅದು ಎದುರಿನವರ ಒಳಗೆ ಹೋಗದೆ ಎಲ್ಲಿ ನಿಂತುಬಿಡುತ್ತದೆ?

ಗುರುಗಳು ಅವರೆಕಾಯಿಯ ಮೊರವನ್ನು ಅವನತ್ತ ಸರಿಸಿದರು. ಅವರು ಕೈಗೆ ಕೆಲಸ ಕೊಟ್ಟರೆ ಹಿಂದೆಯೇ ಕತೆ ಬರುತ್ತದೆ ಎಂದು ಗೌರೀಶನಿಗೆ ಗೊತ್ತಿತ್ತು. ಅವನೂ ಸುಲಿಯತೊಡಗಿದ. ಗುರುಗಳು ಹೇಳಿದ ಕತೆ ಇದು.

ಒಬ್ಬ ಬೆಲ್ಲದ ವರ್ತಕನಿದ್ದ. ಅವನು ಒಂದು ಕಾರು ಕೊಂಡ. ಕೊಂಡವನು ಓಡಿಸಬೇಕಲ್ಲ? ಓಡಿಸಲಿಲ್ಲ. ಧೂಳು ಕೂರುತ್ತದೆ ಎಂದು ಹೊದಿಕೆ ಹಾಕಿ ನಿಲ್ಲಿಸಿದ. ಅಂಗಡಿಗೆ ಹಳೆಯ ಸ್ಕೂಟರಿನಲ್ಲೇ ಹೋಗುತ್ತಿದ್ದ. ಕಾರು ಏನಿದ್ದರೂ ಶುಭಕಾರ್ಯಕ್ಕೆ ಎನ್ನುತ್ತಿದ್ದ. ಮಗಳ ಮದುವೆಯಾದ ಮೇಲೆ ಅವನ ಮನೆಯಲ್ಲಿ ಬಹಳ ಕಾಲ ಶುಭಕಾರ್ಯವೇ ಬರಲಿಲ್ಲ.

ಕೊನೆಗೆ ಮಗಳಿಗೆ ಗಂಡನ ಊರಿನಲ್ಲಿ ಹೆಣ್ಣುಮಗುವಾಯಿತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ತೊಟ್ಟಿಲು ತವರಿನಿಂದಲೇ ಹೋಗಬೇಕು. ಅದು ಆ ಮಗಳೇ ಮಲಗಿ ಬೆಳೆದ ತೊಟ್ಟಿಲು. ಆ ದಿನ ಬೆಳಿಗ್ಗೆ ವರ್ತಕ ಹೊದಿಕೆ ತೆಗೆದು, ತೊಟ್ಟಿಲನ್ನು ಕಾರಿನ ಮೇಲೆ ಹಗ್ಗದಿಂದ ಕಟ್ಟಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀ ತಿರುಗಿಸಿದ. ಕಾರು ತುಟಿಪಿಟಕ್ ಎನ್ನಲಿಲ್ಲ. ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತ್ತು. ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಕೂರಿಸಿ, ಬೇರೆ ಕಡೆ ಕೆಲಸವಿದೆ ಎಂದು ಹೊರಟುಹೋದ.

ವರ್ತಕ ಮತ್ತೆ ಕೀ ತಿರುಗಿಸಿದ. ಈಗ ದೀಪ ಹತ್ತಿತು, ಹಾರನ್ ಕೂಗಿತು. ಎಂಜಿನ್ ಮಾತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಸ್ಟೀರಿಂಗ್ ಹಿಂದೆ ಬೀಗದ ಚಿತ್ರವಿದ್ದ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಕಾರಿಗೆ ದೃಷ್ಟಿಯಾಗಿದೆ ಎಂದುಕೊಂಡ ವರ್ತಕ. ಹೊದಿಕೆಯೊಳಗಿದ್ದ ಕಾರನ್ನು ನೋಡಿದವರಾದರೂ ಯಾರು ಎಂದು ಅವನಿಗೆ ಹೊಳೆಯಲಿಲ್ಲ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಕೀ ತಿರುಗಿಸಿದ. ಸಿಟ್ಟಿನಿಂದ ತಿರುಗಿಸಿದ, ದೇವರ ಹೆಸರು ಹೇಳಿ ತಿರುಗಿಸಿದ. ಬೀರುವಿನಲ್ಲಿದ್ದ ಇನ್ನೊಂದು ಕೀ ತಂದು ಅದನ್ನೂ ತಿರುಗಿಸಿದ. ಆಮೇಲಾಮೇಲೆ ಎಂಜಿನ್ ಕೆಮ್ಮುವುದನ್ನೂ ಬಿಟ್ಟಿತು. ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು.

ಬಾಡಿಗೆ ಕಾರಿಗೆ ಹೇಳಿಕಳಿಸಿದರೆ ಒಂದೂ ಇಲ್ಲ. ಅಂದು ಒಳ್ಳೆಯ ಲಗ್ನದ ದಿನ, ಊರಿನ ಗಾಡಿಗಳೆಲ್ಲ ಮದುವೆ ದಿಬ್ಬಣಗಳ ಪಾಲಾಗಿದ್ದವು. ತೊಟ್ಟಿಲಿಗೆ ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಬೇರೆ ದಾರಿ ಕಾಣದೆ ವರ್ತಕ ಕಾರಿನ ಕಂಪನಿಗೆ ಫೋನ್ ಮಾಡಿದ. ಒಬ್ಬ ಹುಡುಗಿ ಮಾತಾಡಿದಳು. ಕಾರಿನೊಳಗೆ ಒಂದು ಕಾವಲಿದೆ, ಕೀಯಲ್ಲಿರುವ ಗುರುತು ನೋಡಿದ ಮೇಲೆಯೇ ಅದು ಎಂಜಿನ್ ನಡೆಯಲು ಬಿಡುತ್ತದೆ ಎಂದಳು. ಬ್ಯಾಟರಿ ಸತ್ತು ಹೊಸದು ಬಂದಾಗ ಒಮ್ಮೊಮ್ಮೆ ಅದಕ್ಕೆ ಗುರುತು ತಪ್ಪುತ್ತದೆ, ಆಗ ಮೇಲಿಂದ ಮೇಲೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ ಎಂದಳು.

"ಕೀ ನನ್ನದೇ ಅಲ್ವೇನಮ್ಮಾ? ಕಾರೂ ನನ್ನದೇ" ಎಂದ ವರ್ತಕ.

"ಹೌದು ಸಾರ್. ಆದ್ರೆ ಕದಿಯೋಕೆ ಬಂದವನೂ ಹೀಗೇ ಅವಸರ ಮಾಡ್ತಾನೆ. ಕಾರಿಗೆ ಏನು ಗೊತ್ತಾಗುತ್ತೆ?"

ದೀಪ ಹತ್ತುವಷ್ಟು ಮಾತ್ರ ಕೀ ತಿರುಗಿಸಿ, ಕೈ ತೆಗೆದು ಸುಮ್ಮನೆ ಕೂರಬೇಕು, ಕೆಂಪು ದೀಪ ತಾನಾಗಿ ಆರಿದ ಮೇಲೆ ಹೊರಡಬೇಕು ಎಂದು ಅವಳು ತಿಳಿಸಿದಳು. ಅಲ್ಲಿಯವರೆಗೆ ನಾನೇನು ಮಾಡಲಿ ಎಂದು ವರ್ತಕ ಕೇಳಿದ. ಏನೂ ಮಾಡಬೇಡಿ ಎಂದಳು.

ಏನೂ ಮಾಡದಿರುವುದು ಆ ವರ್ತಕನಿಗೆ ಹುಟ್ಟಿನಿಂದ ಬಂದಿರಲಿಲ್ಲ. ಕೂತ. ತೊಡೆಯ ಮೇಲೆ ತಾಳ ಹಾಕಿದ. ದೀಪ ಆರುವ ಮೊದಲೇ, ಈಗ ಆಗಿರಬಹುದು ಎಂದು ತಿರುಗಿಸಿಬಿಟ್ಟ. ಕೆಲಸ ಮೊದಲಿಗೇ ಬಂದು ನಿಂತಿತು. ಮತ್ತೆ ಕೂತ, ಮತ್ತೆ ಅದೇ ಮಾಡಿದ. ಹೆಂಡತಿಗೆ ಸಾಕಾಗಿಹೋಯಿತು.

"ರೀ, ನೀವು ಹಿಂದಿನ ಸೀಟಿಗೆ ಹೋಗಿ" ಎಂದಳು. "ಕೀ ಕಣ್ಣಿಗೆ ಬಿದ್ರೆ ನಿಮ್ಮ ಕೈ ಸುಮ್ಮನಿರಲ್ಲ."

ಅವನು ಗೊಣಗುತ್ತಾ ಹಿಂದೆ ಹೋದ. ಅವಳು ಅವನ ಜಾಗದಲ್ಲಿ ಕೂತು, ಕೀಯನ್ನು ದೀಪ ಹತ್ತುವಷ್ಟೇ ತಿರುಗಿಸಿ ಬಿಟ್ಟಳು. ಅವಳಿಗೆ ಕಾರು ಓಡಿಸಲು ಬಾರದು. ಚೀಲದಿಂದ ಮೊಮ್ಮಗಳ ಕುಲಾವಿ ತೆಗೆದು, ಅದಕ್ಕೆ ಇನ್ನೂ ಹೊಲಿಯಬೇಕಿದ್ದ ದಾರವನ್ನು ಹೊಲಿಯತೊಡಗಿದಳು. ಹೊಲಿಯುತ್ತಾ, ಅಂದು ಹೇಳಬೇಕಾಗಿದ್ದ ಜೋಗುಳವನ್ನು ಬಾಯಲ್ಲೇ ಗುನುಗಿಕೊಂಡಳು. ಮರೆತ ಸಾಲು ಬಂದಾಗ ನಿಲ್ಲಿಸಿ, ನೆನಪಾದ ಮೇಲೆ ಮುಂದುವರಿಸಿದಳು. ಕೆಂಪು ದೀಪ ಯಾವಾಗ ಆರಿತೋ ಅವಳು ನೋಡಲೂ ಇಲ್ಲ. ನೋಡಿದವನು ಹಿಂದೆ ಕೂತ ಗಂಡ.

ಅವನು ಮುಂದೆ ಬಂದು ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಹೊತ್ತು ಮೀರುವ ಮೊದಲೇ ತೊಟ್ಟಿಲು ಮಗುವಿನ ಮನೆ ಸೇರಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಕಾಳುಗಳನ್ನು ಪಾತ್ರೆಗೆ ಸುರಿದರು. ಗೌರೀಶನ ಕೈ ಯಾವಾಗಲೋ ನಿಂತಿತ್ತು. ತಾಯಿಗೆ ತಾನು ತೋರಿಸಿದ ಫೋಟೋಗಳು ಒಂದೊಂದಾಗಿ ನೆನಪಾಗಿ ಅವನಿಗೆ ನಾಚಿಕೆಯಾಯಿತು. ಒಂದು ದಿನವಾದರೂ ಅವಳ ಪಕ್ಕದಲ್ಲಿ ಬರಿದೇ ಕೂತದ್ದು ಅವನಿಗೆ ನೆನಪಿರಲಿಲ್ಲ. ಆದರೂ ಒಂದು ಭಯ ಉಳಿದಿತ್ತು. ಅದನ್ನು ಕೇಳದೆ ಏಳುವುದು ಅವನಿಂದಾಗಲಿಲ್ಲ.

"ಆ ಕಾರು ಕೊನೆಗೆ ಗುರುತು ಹಿಡಿಯಿತು ಬುದ್ಧಿ. ನಮ್ಮಮ್ಮ ಯಾವತ್ತೂ ಹಿಡಿಯದೇ ಹೋದರೆ?"

ಗುರುಗಳು ಖಾಲಿ ಮೊರವನ್ನು ಗೋಡೆಗೆ ಒರಗಿಸಿಟ್ಟರು.

"ಆಗಲೂ, ಊಟ ಆಯಿತೇ ಎಂದು ಅವಳನ್ನು ಕೇಳುವವನೊಬ್ಬ ಬೇಕಲ್ಲಪ್ಪ."

ಆ ಸಂಜೆ ಗೌರೀಶ ಫೋಟೋಗಳನ್ನು ಮನೆಯಲ್ಲೇ ಬಿಟ್ಟು ಅಕ್ಕನ ಮನೆಗೆ ಹೊರಟ.