ಗುರುವಿನ ಕಣ್ಣು ಓದಿದ ಶಿಷ್ಯ

"ಮೇಡಂ, ಇತ್ತೀಚೆಗೆ ನಾನು ಓದಿದ ಎಕ್ಸ್‌ರೇಗಳಲ್ಲಿ ಒಂದೂ ತಪ್ಪಿಲ್ಲ. ಆದರೂ ನನ್ನೊಬ್ಬನ ಸಹಿಯ ಮೇಲೆ ರಿಪೋರ್ಟ್ ಹೊರಗೆ ಹೋಗಲು ನೀವು ಬಿಡುತ್ತಿಲ್ಲ. ನನ್ನ ಮೇಲೆ ಯಾಕೆ ಈ ಅನುಮಾನ?"

ಕೇಳಿದವನು ಧನ್ಯಕುಮಾರ, ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ತರಬೇತಿಯ ಕೊನೆಯ ವರ್ಷದಲ್ಲಿದ್ದ ವೈದ್ಯ. ಅವನಿಗೆ ಕಲಿಸುತ್ತಿದ್ದವರು ಡಾಕ್ಟರ್ ಪದ್ಮಾವತಿ ಕಲಘಟಗಿ.

"ಒಂದೂ ತಪ್ಪಿಲ್ಲ ಅಂತಲೇ ಅನುಮಾನ, ತಮ್ಮಾ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಅವರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ಗುರು ಇದ್ದ. ಎಕ್ಸ್‌ರೇ ಓದುವುದು ಅವನ ಕಸುಬು, ಓದಲು ಕಲಿಸುವುದೂ ಅವನದೇ. ಅವನಲ್ಲಿಗೆ ಒಬ್ಬ ಶಿಷ್ಯ ಬಂದ. ಹೊಸದರಲ್ಲಿ ಎಲ್ಲರಂತೆ ಎಡವಿದ. ಪಕ್ಕೆಲುಬಿನ ತುದಿಯನ್ನು ಗಂಟು ಎಂದ, ಅಂಗಿಯ ಗುಂಡಿಯನ್ನು ಗಡ್ಡೆ ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೋ ಎಂದು ಗುರು ನಕ್ಕು ತಿದ್ದಿದ. ಆಮೇಲೆ ಇದ್ದಕ್ಕಿದ್ದಂತೆ ಶಿಷ್ಯ ಎಡವುವುದನ್ನೇ ನಿಲ್ಲಿಸಿದ.

ಗುರುವಿಗೆ ಮೊದಲು ಸಂತೋಷವಾಯಿತು. ಬರುಬರುತ್ತಾ ಒಳಗೆ ಏನೋ ಕೊರೆಯತೊಡಗಿತು. ಕಲಿಯುವವನು ಮೆಟ್ಟಿಲು ಹತ್ತುತ್ತಾನೆ, ಅಟ್ಟಕ್ಕೆ ಹಾರುವುದಿಲ್ಲ. ಇನ್ನೊಂದು ಮಾತೂ ಇತ್ತು. ಗುರು ರಜೆ ಹಾಕಿದ ದಿನ ಶಿಷ್ಯ ಒಂದು ಚಿತ್ರವನ್ನೂ ಓದುತ್ತಿರಲಿಲ್ಲ. "ನೀವು ಬಂದ ಮೇಲೆ ಒಟ್ಟಿಗೆ ನೋಡೋಣವೆಂದು ಇಟ್ಟೆ, ಸರ್" ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗುರು ಅವನ ಮೇಲೆ ಕಣ್ಣಿಟ್ಟ.

ಕಣ್ಣಿಟ್ಟಾಗ ತಿಳಿಯಿತು, ಶಿಷ್ಯನೂ ತನ್ನ ಮೇಲೆಯೇ ಕಣ್ಣಿಟ್ಟಿದ್ದಾನೆ. ರೋಗ ಕಂಡರೆ ಗುರು ತನಗೇ ಗೊತ್ತಿಲ್ಲದೆ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಿದ್ದ. ನೋಟ ಆ ಜಾಗದಲ್ಲೇ ನಿಲ್ಲುತ್ತಿತ್ತು. ಶಿಷ್ಯ ಪಕ್ಕದಲ್ಲಿ ಕೂತು ಅದನ್ನೇ ಕಾಯುತ್ತಿದ್ದ.

ಗುರುವಿಗೆ ಸಿಟ್ಟು ಬಂತು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ. ಸುಮ್ಮನಿದ್ದ.

ಒಂದು ದಿನ ಒಬ್ಬ ಬಳೆ ಮಾರುವ ಹೆಂಗಸು ಕೆಮ್ಮಿಕೊಂಡು ಬಂದಳು. ಕಂಕುಳಲ್ಲಿ ಮೊಲೆ ಕುಡಿಯುವ ಕೂಸು. ಅವಳ ಎದೆಯ ಚಿತ್ರ ಪರದೆಯ ಮೇಲೆ ಬಂತು. ಹೃದಯದ ನೆರಳಿನ ಹಿಂದೆ ಒಂದು ಸಣ್ಣ ಗಂಟು ಅಡಗಿತ್ತು. ಹುಡುಕಿದವರಿಗೆ ಮಾತ್ರ ಕಾಣುವಂಥದ್ದು. ಈಗಲೇ ತೆಗೆದರೆ ಅವಳು ಉಳಿಯುತ್ತಾಳೆ. ಗುರು ಅದನ್ನು ಕಂಡ. ಕಂಡೂ ಅಲ್ಲಿ ನೋಡಲಿಲ್ಲ. ಬಲಗಡೆ ಮೇಲ್ಭಾಗದಲ್ಲಿ, ಏನೂ ಇಲ್ಲದ ಕಡೆ, ನೋಟ ನಿಲ್ಲಿಸಿ ಕನ್ನಡಕ ಮೇಲಕ್ಕೆ ತಳ್ಳಿದ.

"ಬಲಗಡೆ ಮೇಲ್ಭಾಗದಲ್ಲಿ ಟಿ.ಬಿ., ಸರ್" ಎಂದ ಶಿಷ್ಯ.

"ಸರಿಯಾಗಿ ಕಂಡಿತೇ?"

"ಸ್ಪಷ್ಟವಾಗಿ ಕಂಡಿತು."

"ಹಾಗಾದರೆ ನೀನೇ ಹೋಗಿ ಅವಳಿಗೆ ಹೇಳು. ಮನೆಯವರು ಕೂಸನ್ನು ಅವಳಿಂದ ದೂರ ಇಡುತ್ತಾರೆ, ಅದನ್ನೂ ತಿಳಿಸಿ ಬಾ."

ಶಿಷ್ಯ ಎದ್ದು ಬಾಗಿಲವರೆಗೆ ಹೋದ. ಇನ್ನೊಮ್ಮೆ ಚಿತ್ರವನ್ನು ನೋಡಿಯಾನು ಎಂದು ಗುರು ಕಾದ. ಶಿಷ್ಯ ಹಿಂತಿರುಗಿದ, ನೋಡಿದ್ದು ಮಾತ್ರ ಗುರುವಿನ ಮುಖವನ್ನು. "ಸರ್, ನೀವೂ ಅದನ್ನೇ ನೋಡಿದಿರಲ್ಲವೇ?" ಎಂದ.

ಗುರು ಅವನನ್ನು ಅಲ್ಲಿಯೇ ಕೂರಿಸಿ, ತಾನೇ ಹೊರಗೆ ಹೋಗಿ ಆ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಕಳಿಸಿದ. ಮರಳಿ ಬಂದಾಗ ಶಿಷ್ಯ ಇನ್ನೂ ಚಿತ್ರದ ಬಲಗಡೆಯಲ್ಲೇ ಟಿ.ಬಿ. ಹುಡುಕುತ್ತಿದ್ದ. ಅಂಥವನನ್ನು ನೆಚ್ಚಿ ಯಾವ ತಾಯಿಯನ್ನು ಅವನ ಕೈಗೆ ಒಪ್ಪಿಸುವುದು ಎಂದು ಗುರುವಿಗೆ ಹೆದರಿಕೆಯಾಯಿತು.

ಕತೆ ಮುಗಿಯಿತು. ಧನ್ಯಕುಮಾರ ಬೆವರು ಒರೆಸಿಕೊಂಡ.

"ಅಂಥವನನ್ನು ವೈದ್ಯ ಎನ್ನಲೇಬಾರದು ಮೇಡಂ. ನಾನು ಹಾಗಲ್ಲ" ಎಂದ.

"ಸಂತೋಷ. ಹಾಗಾದರೆ ನಾಳೆಯಿಂದ ನಾನು ನಿನ್ನ ಬೆನ್ನ ಹಿಂದೆ ಕೂರುತ್ತೇನೆ" ಎಂದರು ಪದ್ಮಾವತಿ.

ಧನ್ಯಕುಮಾರ ತಟ್ಟನೆ ಅವರ ಮುಖ ನೋಡಿದ.