ನೀರು ನಿಲ್ಲದ ಹಿತ್ತಲು

"ಗುರುಗಳೇ, ಊರೆಲ್ಲ ತಪ್ಪೆನ್ನುವುದನ್ನು ಒಬ್ಬನು ಸರಿಯೆಂದು ಹಿಡಿದು ನಿಂತರೆ, ಕೊನೆಗೆ ಅವನಿಗೆ ಸಿಗುವುದೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣನ್ನು ನೋಡುತ್ತಿರಲಿಲ್ಲ, ಹಿತ್ತಲನ್ನು ನೋಡುತ್ತಿದ್ದರು. ಗಂಡಿನ ಕಡೆಯ ಹಿರಿಯನೊಬ್ಬ ಹಿತ್ತಲ ನಡುವೆ ಒಂದು ಚೊಂಬು ನೀರು ಸುರಿಯುವನು. ನೀರು ಸುರಿದಲ್ಲೇ ನಿಂತರೆ ಆ ಮನೆಯ ಹೆಣ್ಣೂ ಹೋದ ಮನೆಯಲ್ಲಿ ನಿಲ್ಲುತ್ತಾಳೆ ಎಂದು ನಂಬಿಕೆ. ಹರಿದರೆ, ಕೊಟ್ಟ ಪಾನಕ ಕುಡಿದು ಎದ್ದು ಹೋಗುವರು. ಹೆಣ್ಣಿನ ಮುಖ ನೋಡುವ ತೊಂದರೆ ತಪ್ಪುತ್ತಿತ್ತು. ಹೀಗಾಗಿ ಆ ಊರಿನಲ್ಲಿ ಹೆಣ್ಣು ಹುಟ್ಟಿದ ಮನೆಯವರು ತೊಟ್ಟಿಲಿಗಿಂತ ಮೊದಲು ಗುದ್ದಲಿ ಕೊಳ್ಳುತ್ತಿದ್ದರು.

ಆ ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು. ಅವನ ಹಿತ್ತಲು ಅಡುಗೆಮನೆಯ ಬಾಗಿಲಿನಿಂದ ಹಿಂದಿನ ಬೇಲಿಯವರೆಗೆ ಒಂದೇ ಇಳಿಜಾರು. ಬೇಲಿಯಾಚೆ ಒಬ್ಬ ವರ್ತಕನ ಹಿತ್ತಲು. ಬಳೆಗಾರ ಪ್ರತಿ ಬೇಸಿಗೆಯಲ್ಲೂ ಗಾಡಿಗಟ್ಟಲೆ ಮಣ್ಣು ಹಾಕಿಸಿ ಇಳಿಜಾರನ್ನು ತುಂಬಿಸುತ್ತಿದ್ದ. ಪ್ರತಿ ಮಳೆಗಾಲದಲ್ಲೂ ಆ ಮಣ್ಣು ಬೇಲಿ ದಾಟಿ ವರ್ತಕನ ಹಿತ್ತಲಿಗೆ ಇಳಿಯುತ್ತಿತ್ತು. ವರ್ತಕನ ಹಿತ್ತಲು ಊರಿನಲ್ಲೇ ಸಮತಟ್ಟಾದ ಹಿತ್ತಲೆಂದು ಹೆಸರಾಗಿತ್ತು. ಅವನು ಅದನ್ನು ತನ್ನ ಪುಣ್ಯವೆಂದು ತಿಳಿದಿದ್ದ. ಬಳೆಗಾರನನ್ನು ಕಂಡಾಗಲೆಲ್ಲ, "ಈ ವರ್ಷವಾದರೂ ಧಾರಾಳವಾಗಿ ಮಣ್ಣು ಹಾಕಿಸಪ್ಪ, ಹೆಣ್ಣು ಮಗಳಿರುವ ಮನೆ" ಎಂದು ಕಾಳಜಿಯಿಂದ ಹೇಳುತ್ತಿದ್ದ.

ಮಗಳಿಗೆ ಮೊದಲ ಸಂಬಂಧ ಬಂತು. ನೀರು ಸುರಿದರು. ಅದು ಹರಿಯಿತು. ಅವರು ಹೋದರು.

ಮರುದಿನ ಮಗಳು ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದಳು. ಏರನ್ನು ತಗ್ಗಿಸಲು ಹೊರಟಿದ್ದಾಳೆಂದು ಬಳೆಗಾರ ಅಂದುಕೊಂಡ. ಅವಳು ಇಳಿಜಾರಿನ ಬುಡಕ್ಕೆ ಹೋಗಿ ಅಗೆಯತೊಡಗಿದಳು.

"ಇದೇನಮ್ಮ?"

"ಕೊಳ, ಅಪ್ಪ. ನೀರು ಇಷ್ಟು ವರ್ಷ ಬರುತ್ತಿರುವುದು ಇಲ್ಲಿಗೇ. ನಾವೇ ಅದನ್ನು ಬೇಡ ಅನ್ನುತ್ತಿರುವುದು."

ಬಳೆಗಾರ ಊರೂರು ಅಲೆದವನು. ಗುಡ್ಡದ ಊರುಗಳಲ್ಲಿ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಾಲು ಕಟ್ಟುವುದನ್ನು ನೋಡಿದ್ದ. ಮಗಳಿಗೆ ಬುದ್ಧಿ ಹೇಳಲು ಕೆಳಗಿಳಿದವನು ಕಲ್ಲು ಜೋಡಿಸಿಕೊಟ್ಟು ಬಂದ.

ಮಳೆ ಬಂತು. ಮಣ್ಣು ಕಲ್ಲುಸಾಲುಗಳ ಹಿಂದೆ ಉಳಿಯಿತು, ಕೊಳ ತುಂಬಿತು. ಮಗಳು ದಡದಲ್ಲಿ ಕೆಸು ನೆಟ್ಟಳು, ಮೇಲೊಂದು ಅತ್ತಿಯ ಸಸಿ ಇಟ್ಟಳು. ಉಳಿದ ಗಿಡಗಳು ತಾವೇ ಎದ್ದವು. ಕಪ್ಪೆಗಳು ಬಂದವು. ಕಪ್ಪೆ, ಇಲಿಗಳನ್ನು ಹುಡುಕಿಕೊಂಡು ಒಂದು ಕೇರೆಹಾವು ಬಂತು. ಮಿಂಚುಳ್ಳಿ ಬಂತು, ಮುಂಗುಸಿ ಬಂತು. ಯಾವುದೂ ಚೊಂಬು ತಂದಿರಲಿಲ್ಲ.

ವರ್ತಕನ ಹಿತ್ತಲಿಗೆ ಮಾತ್ರ ಆ ವರ್ಷ ಏನೂ ಬರಲಿಲ್ಲ. ಅಲ್ಲಲ್ಲಿ ತಗ್ಗು ಬಿತ್ತು. ಅವನು ಊರ ಹಿರಿಯರ ಬಳಿ ದೂರು ಒಯ್ದ. ಎರಡು ಸಲ ಕೇಳದೆ ತೀರ್ಮಾನ ಮಾಡಬಾರದೆಂದು ಹಿರಿಯರು ವರ್ತಕನ ಮಾತನ್ನೇ ಎರಡು ಸಲ ಕೇಳಿದರು. ಆಮೇಲೆ ಬಳೆಗಾರನನ್ನು ಕರೆಸಿದರು.

"ಏನಯ್ಯಾ, ಹಿತ್ತಲನ್ನು ಹಾವಿಗೆ ಬಿಟ್ಟುಕೊಟ್ಟೆಯಂತೆ?"

"ಅದು ಇಲಿ ಹಿಡಿಯಲು ಬಂದಿದೆ ಸ್ವಾಮಿ. ಇಲಿ ಇರುವುದು ವರ್ತಕರ ಉಗ್ರಾಣದಲ್ಲಿ. ನನ್ನ ಮನೆಯಲ್ಲಿರುವುದು ಬಳೆ."

ಹಿರಿಯರಿಗೆ ಈ ಮಾತು ಹಿಡಿಸಲಿಲ್ಲ. ಮುಂದಿನ ಸಂಬಂಧ ಬರುವುದರೊಳಗೆ ಕೊಳ ಮುಚ್ಚಬೇಕು, ಇಲ್ಲವಾದರೆ ಆ ಮನೆಯ ಹೆಣ್ಣಿನ ಬಗ್ಗೆ ಯಾರು ವಿಚಾರಿಸಿದರೂ ಊರು ಬೇಡವೆಂದೇ ಹೇಳುತ್ತದೆ ಎಂದರು.

ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನೆಂದು ಕೇಳಿಕೆ. ಇದು ತಪ್ಪಿದರೆ ಬಾಗಿಲಿಗೆ ಇನ್ನು ಯಾರೂ ಬರುವುದಿಲ್ಲವೆಂದು ಬಳೆಗಾರನಿಗೆ ಗೊತ್ತಿತ್ತು. ಅವರು ಬರುವ ಹಿಂದಿನ ದಿನ ಅವನು ಒಂದು ಬುಟ್ಟಿ ಮಣ್ಣು ಹೊತ್ತು ಕೊಳದ ದಡದಲ್ಲಿ ನಿಂತ. ಮಗಳು ತಡೆಯಲಿಲ್ಲ.

"ಮುಚ್ಚಪ್ಪ. ಮದುವೆಯಾದ ಮೇಲೆ ಅವರ ಹಿತ್ತಲಲ್ಲಿ ಇನ್ನೊಂದು ತೋಡುತ್ತೇನೆ. ಆಗ ನನ್ನನ್ನೂ ಆ ಚೊಂಬನ್ನೂ ಒಟ್ಟಿಗೇ ನಿನ್ನ ಮನೆಗೆ ಕಳಿಸುತ್ತಾರೆ. ಪಾತ್ರೆಯಾದರೂ ಒಂದು ಹೆಚ್ಚಾಯಿತು."

ಬಳೆಗಾರನಿಗೆ ನಗು ಬರಲಿಲ್ಲ. ತಾನು ಇಷ್ಟು ವರ್ಷ ಯಾರ ಹಿತ್ತಲಿಗೆ ಮಣ್ಣು ಹೊತ್ತೆನೆಂದು ಅವನು ಯೋಚಿಸಿದ. ಬುಟ್ಟಿಯ ಮಣ್ಣನ್ನು ಅತ್ತಿಯ ಸಸಿಯ ಬುಡಕ್ಕೆ ಸುರಿದು ಒಳಗೆ ಹೋದ.

ಮರುದಿನ ಗಂಡಿನ ಕಡೆಯವರು ಬಂದರು. ಊರ ಹಿರಿಯರು ಬಂದರು. ವರ್ತಕ ಎಲ್ಲರಿಗಿಂತ ಮುಂಚೆ ಬಂದಿದ್ದ. ಬೆಳಗಿನ ಮಳೆಗೆ ನೆಲ ನೆನೆದಿತ್ತು. ಹುಡುಗನ ಸೋದರಮಾವ ಚೊಂಬು ಬಗ್ಗಿಸಿದ. ನೀರು ಕಲ್ಲುಗಳ ಸಂದಿಯಿಂದ ಸಂದಿಗೆ ಇಳಿದು ಕೊಳ ಸೇರಿತು. ಒಂದು ಕಪ್ಪೆ ಹಾರಿತು. ವರ್ತಕ ತಲೆಯಾಡಿಸಿದ.

"ನೀರು ನಿಲ್ಲಲಿಲ್ಲವಲ್ಲ, ಬಳೆಗಾರರೇ" ಎಂದ ಸೋದರಮಾವ.

"ನಿಂತಿದೆಯಲ್ಲ ಸ್ವಾಮಿ, ಕೆಳಗೆ ನೋಡಿ. ನೀವು ಸುರಿದದ್ದೂ ಅಲ್ಲೇ ಇದೆ. ಸಾಲದಿದ್ದರೆ ಚೊಂಬು ತುಂಬಿಸಿಕೊಂಡೇ ಹೋಗಿ."

ಅವರು ಪಾನಕವನ್ನೂ ಮುಟ್ಟದೆ ಎದ್ದರು. ಈ ಮನೆಗೆ ಇನ್ನು ಯಾರೂ ಹೆಣ್ಣು ಕೇಳಿ ಬರುವುದಿಲ್ಲ ಎಂದು ಹಿರಿಯರು ಹೊಸ್ತಿಲಲ್ಲಿ ನಿಂತು ಹೇಳಿದರು. ಬಳೆಗಾರ "ಆಗಲಿ" ಎಂದ. ಪಾನಕ ಬೇಕಾದಷ್ಟು ಉಳಿದಿತ್ತು. ಅಪ್ಪ ಮಗಳು ಕೊಳದ ದಡದಲ್ಲಿ ಕುಳಿತು ಕುಡಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಾದ.

"ಆಮೇಲೆ, ಗುರುಗಳೇ? ಊರಿನ ಬಾವಿಗಳು ಬತ್ತಿ ಎಲ್ಲರೂ ಆ ಕೊಳಕ್ಕೇ ಬಂದರೇ? ಹುಡುಗಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಕ್ಕಿತೇ? ಅವರು ಮಾಡಿದ್ದೇ ಸರಿ ಎಂದು ಕೊನೆಗೆ ಯಾರಾದರೂ ಒಪ್ಪಿದರೇ?"

ಗುರುಗಳು ಅವನನ್ನು ನೋಡಿ ಕೇಳಿದರು: "ನೀನೂ ಚೊಂಬು ಹಿಡಿದೇ ಬಂದೆಯಲ್ಲ, ಯಾವ ಗಂಡಿನ ಕಡೆಯವನಪ್ಪ?"